ಫೋನು ತೋರಿಸಿದ ಮನೆ

"ಸುಶೀಲಾ ನೀವೇನ್ರಿ? ಅವರ ಫೋನು ಇದೇ ಮನೆಯಲ್ಲಿದೆ ಅಂತ ಆ್ಯಪ್ ತೋರಿಸ್ತದೆ," ಅಂದ, ಕೋಡಿಬಾಗದ ನಮ್ಮ ಬಾಗಿಲಲ್ಲಿ ನಿಂತಿದ್ದ ಸಾಲ ವಸೂಲಿಯವ.

ಸುಶೀಲಾ ನಮಗೆ ಮೀನು ಕೊಡುವವಳು. ದಿನಾ ಬೈತಖೋಲ ಬಂದರಿನಿಂದ ಬಂದವಳೇ ಫೋನನ್ನು ನಮ್ಮ ಜಗಲಿಯಲ್ಲಿ ಚಾರ್ಜಿಗೆ ಹಾಕಿ, ಬುಟ್ಟಿ ಹೊತ್ತು ಕೇರಿ ಸುತ್ತುತ್ತಾಳೆ. ಸಾಲದ ಆ್ಯಪ್ ಆ ಫೋನಿನ ಜಾಡು ಹಿಡಿದಿತ್ತು.

"ಫೋನುಂಟು, ಅವಳಿಲ್ಲ. ಕಂತನ್ನ ಚಾರ್ಜರ್ ಹತ್ರ ಕೇಳ್ತೀರಾ?" ಅಂದೆ. ಆತ ನಕ್ಕು ಬೈಕು ತಿರುಗಿಸಿದ.

ಕೇರಿ ಸುತ್ತಿ ಬಂದ ಸುಶೀಲಾ ಸುದ್ದಿ ಕೇಳಿ ಮೆಟ್ಟಿಲ ಮೇಲೇ ಕುಳಿತಳು. "ಕಂತು ಸೋಮವಾರ ತುಂಬ್ತೆ ಅಕ್ಕಾ. ಗಿರಾಕಿಗಳ ಎದುರೇ ಹಿಡಿದು ಕೇಳಿದ್ರೆ ನಾಳೆ ನಾ ಹ್ಯಾಗೆ ಈ ಕೇರಿಗೆ ಬರೂದು?"

ನನ್ನ ಮಗಳು ಸುಶೀಲಾಳ ಫೋನಿನ ಲೊಕೇಶನ್ ಬಂದ್ ಮಾಡಿ, ನನ್ನ ಫೋನಿನಲ್ಲಿ ದಾಖಲಾಗಿದ್ದ ಜಾಗಗಳ ಪಟ್ಟಿಯನ್ನೂ ತೆರೆದು ನೋಡಿದಳು. ನಾನು ಯಜಮಾನರಿಗೆ ಹೇಳದೆ ಹೋಗಿದ್ದ ಅಂಕೋಲೆಯ ಸೀರೆ ಅಂಗಡಿಯೂ ಅದರಲ್ಲಿತ್ತು. ಸುಶೀಲಾ ನಕ್ಕಳು. ನನ್ನದನ್ನೂ ಬಂದ್ ಮಾಡಿಸಿದೆ.