ನಮ್ಮಣ್ಣ ಅಂತಾನ

ಮೊನ್ನೆ ಸೇಡಂನಿಂದ ಚಿಂಚೋಳಿಗೆ ಹೋಗುವ ಜೀಪಿನಲ್ಲಿ ಕುಳಿತಿದ್ದೆ. ಒಂಬತ್ತು ಜನರ ಜಾಗದಲ್ಲಿ ಹದಿನೇಳು ಜನ, ಮೇಲೊಂದು ಕೋಳಿ. ಯಾರದೋ ಕೋಳಿ, ಆದರೆ ಕುಳಿತದ್ದು ನನ್ನ, ಲಿಂಗ ಕಟ್ಟಿದ ಈ ಮುದುಕಿಯ ತೊಡೆಯ ಮೇಲೆ. ಇಡೀ ಜೀಪಿನಲ್ಲಿ ಆರಾಮಾಗಿ ಇದ್ದದ್ದು ಅದೊಂದೇ. ಊರು ದಾಟುವಷ್ಟರಲ್ಲಿ ಒಂದು ಕರಿ ಬೆಕ್ಕು ರಸ್ತೆಗೆ ಅಡ್ಡ ಬಂತು. ಮುಂದೆ ಕುಳಿತಿದ್ದ ಹಿರಿಯರೊಬ್ಬರು ಡ್ರೈವರನ ಕೈ ಹಿಡಿದರು. ಜೀಪು ನಿಂತಿತು. ಡ್ರೈವರ ಬೆಕ್ಕಿನ ಬಾಲ ಬೇಲಿಯೊಳಗೆ ಮಾಯವಾಗುವ ತನಕ ನೋಡಿ, ಗೇರು ಹಾಕುತ್ತ ಅಂದ:

"ಬೆಕ್ಕಿಗೂ ಅದರದೇ ಕೆಲಸ ಇರ್ತದ ಕಾಕಾ. ಹಿಂದ ನಿಜಾಮನ ಕಾಲದಾಗ ಶಹಾಬಾದದ ಒಬ್ಬ ಮುನೀಮ ಸಾವಕಾರನ ಮಾರಿ ಮ್ಯಾಲೇ ಹಿಂಗ ಅಂದಿದ್ನಂತ."

ಆ ಮುನೀಮ ನನ್ನ ಅಣ್ಣ. ಆದರೆ ಆ ಮಾತು ಅವನದಲ್ಲ.

ನೀವು ಪಕ್ಕದಲ್ಲೇ ಕುಳಿತಿದ್ದೀರಿ ಎಂದುಕೊಂಡು ಹೇಳುತ್ತೇನೆ. ಜಾಗ ಸಾಲದು, ನಿಜ. ಕೋಳಿಯನ್ನು ಸ್ವಲ್ಪ ಹಿಡಿದುಕೊಳ್ಳಿ.

ನಾನು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ನನಗೆ ಅಕ್ಷರ ಕಲಿಸಿದವನು ಅಣ್ಣ ಗುರುಶಾಂತಪ್ಪ, ಮನೆಯಲ್ಲೇ, ಒಡೆದ ಪಾಟಿಯ ಮೇಲೆ. ಹೀಗಾಗಿ ಈ ಬರಹದಲ್ಲಿ ತಪ್ಪು ಕಂಡರೆ ಅದು ಅವನ ತಪ್ಪು ಎಂದು ಬರೆಯಲು ಕೈ ಹೋಗುತ್ತಿದೆ. ನೋಡಿ, ಇದೇ ನನ್ನ ಚಟ. ಮುಂದಿನ ಕತೆಯೆಲ್ಲ ಈ ಚಟದ್ದೇ.

ಹದಿನೆಂಟಕ್ಕೇ ಗಂಡನನ್ನು ಕಳೆದುಕೊಂಡು ಚಿಮ್ಮನಚೋಡದಿಂದ ಶಹಾಬಾದಿಗೆ, ಅಣ್ಣನ ಮನೆಗೆ ಬಂದೆ. ಮನೆಯಲ್ಲಿ ಅವ್ವ, ಅಣ್ಣ, ನಾನು. ಅಣ್ಣ ನೆಲಕ್ಕೆ ಹಾಸುವ ಫರಸಿ ಕಲ್ಲಿನ ವ್ಯಾಪಾರದ ಒಬ್ಬ ಸಾವಕಾರರಲ್ಲಿ ಲೆಕ್ಕ ಬರೆಯುವ ಮುನೀಮನಾಗಿದ್ದ. ಮೂರೂ ಹೊಟ್ಟೆಗಳು ಅವನು ಕೂರುವ ಆ ಗಾದಿಯನ್ನೇ ನಂಬಿದ್ದವು. ಅವನ ಅಕ್ಷರ ಮುತ್ತು; ಮಾತು ಮಾತ್ರ ಎರಡೇ. ಒಂದು "ಹೌದ್ರಿ", ಇನ್ನೊಂದು "ಆಯ್ತ್ರಿ". ಹೆಣ್ಣು ನೋಡಲು ಹೋದಲ್ಲೆಲ್ಲ ಈ ಎರಡೇ ಮಾತು ಆಡಿ, ಹುಡುಗನಿಗೆ ಬಾಯಿ ಇಲ್ಲವೆನ್ನಿಸಿಕೊಂಡು, ಅವಲಕ್ಕಿ ತಿಂದು ವಾಪಸು ಬರುತ್ತಿದ್ದ.

ಸಾವಕಾರರ ದೊಡ್ಡ ಮನೆ, ಆ ವಾಡೆಯ ಮುಂದಿನಿಂದ ದಿನಾ ಮುಂಜಾನೆ ಎಂಟು ಎತ್ತಿನ ಗಾಡಿಗಳು ಕಲ್ಲು ಹೇರಿಕೊಂಡು ಸ್ಟೇಷನ್ನಿಗೆ ಹೊರಡುತ್ತಿದ್ದವು. ಬೆಕ್ಕು ಅಡ್ಡ ಬಂದರೆ ಎಂಟೂ ಗಾಡಿ ವಾಪಸು. ಎತ್ತಿನ ಕೊರಳು ಬಿಚ್ಚಬೇಕು, ಗಾಡಿಯವರು ಕಾಲು ತೊಳೆದು ನೀರು ಕುಡಿದು ಒಂದಷ್ಟು ಹೊತ್ತು ಕುಳಿತು, ಮತ್ತೆ ಹೊಸದಾಗಿ ಹೊರಡಬೇಕು. ಅಲ್ಲಿ ವ್ಯಾಗನ್ನು ಕಾಯುತ್ತ ನಿಂತಿರುತ್ತಿತ್ತು. ಎತ್ತುಗಳಿಗೆ ಮಾತ್ರ ಬೆಕ್ಕೆಂದರೆ ಪಂಚಪ್ರಾಣ.

ಸಾವಕಾರರೇನು ಸಾಮಾನ್ಯರಲ್ಲ. ದಿನಾ ಲಿಂಗಪೂಜೆ, ಹಣೆಯ ತುಂಬ ವಿಭೂತಿ. ಶರಣರಿಗೆ ಶಕುನವಿಲ್ಲ, ಎಲ್ಲ ಹೊತ್ತೂ ಒಳ್ಳೆಯ ಹೊತ್ತೇ ಎಂದು ಪಡಸಾಲೆಯಲ್ಲಿ ಕುಳಿತು ಅವರೇ ನಾಲ್ಕು ಮಂದಿಗೆ ಹೇಳುತ್ತಿದ್ದರು. ಆದರೆ ಶರಣರ ಕಾಲದಲ್ಲಿ ಈ ಬೆಕ್ಕು ಇರಲಿಲ್ಲ ಎಂಬುದು ಅವರ ವಾದ. ಅದಕ್ಕೆ ಎದುರು ಮಾತಿಲ್ಲ. ನಿಜಾಮನ ಪೊಲೀಸು ಅಮೀನಸಾಬರ ಬಗ್ಗೆ ಮಾತಾಡುವಾಗ ಜನ ಕಿಟಕಿ ಮುಚ್ಚುತ್ತಿದ್ದರು. ಸಾವಕಾರರ ಬೆಕ್ಕಿನ ಬಗ್ಗೆ ಮಾತಾಡುವಾಗ ಬಾಗಿಲನ್ನೂ ಮುಚ್ಚುತ್ತಿದ್ದರು.

ಅಪಶಕುನದ ಪಟ್ಟಿಯಲ್ಲಿ ಬೆಕ್ಕಿನ ಕೆಳಗೆ ಎರಡನೆಯ ಹೆಸರು ನನ್ನದು. ಗಂಡ ಸತ್ತವಳು ಎದುರಾದರೂ ಗಾಡಿ ವಾಪಸು. ಹೀಗಾಗಿ ಎಂಟನೆಯ ಗಾಡಿ ರಸ್ತೆಯ ತಿರುವು ದಾಟುವ ತನಕ ನಾನು ಬಾವಿಗೆ ಹೋಗುವಂತಿರಲಿಲ್ಲ. ಖಾಲಿ ಕೊಡ ಹಿಡಿದು, ವಾಡೆಯ ಪಕ್ಕದಲ್ಲೇ ಇದ್ದ ನಮ್ಮ ಮನೆಯ ಬಾಗಿಲ ಮರೆಯಲ್ಲಿ ನಿಲ್ಲುತ್ತಿದ್ದೆ. ಎದುರಿನ ಗೋಡೆಯ ಮೇಲೆ ಆ ಬೆಕ್ಕೂ ಕುಳಿತಿರುತ್ತಿತ್ತು. ಅದು ಹಾರುತ್ತಿತ್ತು, ನಾನು ಹಾರುತ್ತಿರಲಿಲ್ಲ. ಇಬ್ಬರಿಗೂ ಇದ್ದ ವ್ಯತ್ಯಾಸ ಅಷ್ಟೇ.

ಇನ್ನು ಆ ಚಟದ ವಿಷಯ. ಆಗ ಹೆಂಗಸರ ಮಾತಿಗೆ ಸ್ವಂತ ಕಾಲು ಇರಲಿಲ್ಲ. ಯಾವುದಾದರೂ ಗಂಡಸಿನ ಹೆಗಲೇರಿ ಹೋಗಬೇಕಿತ್ತು. ಒಬ್ಬಳು "ನಮ್ಮವರು ಅಂತಾರ" ಎನ್ನುವಳು, ಇನ್ನೊಬ್ಬಳು "ನಮ್ಮ ಮಾವನವರು ಅಂತಾರ" ಎನ್ನುವಳು. ಆ ಗಂಡಸರು ಏನೂ ಅಂದಿರುವುದಿಲ್ಲ ಎಂದು ಎಲ್ಲರಿಗೂ ಗೊತ್ತು, ಆದರೂ ಮಾತು ನಡೆಯುತ್ತಿತ್ತು. ನನಗೆ ಇದ್ದ ಗಂಡಸು ಅಣ್ಣನೊಬ್ಬನೇ. ಅವನ ಹೆಗಲಿಗೆ ಭಾರ ಜಾಸ್ತಿ ಬಿತ್ತು. ದಿನಾ ಮಧ್ಯಾಹ್ನ ಸಾವಕಾರ್ತಿಯವರ ಜೊತೆ ತೊಗರಿಬೇಳೆ ಹಸನು ಮಾಡಲು ಹೋಗುತ್ತಿದ್ದೆ. ಹುಣಸೆ ತೊಕ್ಕಿಗೆ ಬೆಲ್ಲ ಕಡಿಮೆಯಾಗಿದೆ ಎಂದು ನಮ್ಮಣ್ಣ ಅಂತಾನ. ಕುಸುಬೆ ಎಣ್ಣೆ ತಲೆಗೆ ಒಳ್ಳೆಯದಲ್ಲ ಎಂದು ನಮ್ಮಣ್ಣ ಅಂತಾನ. ಹಸಿರು ಸೀರೆಗೆ ಕೆಂಪು ಅಂಚು ಹೊಂದುವುದಿಲ್ಲ ಎಂದೂ ನಮ್ಮಣ್ಣನೇ ಅಂತಾನ. ಪಾಪ, ಅವನಿಗೆ ತನ್ನ ಧೋತರದ ಅಂಚೂ ಗೊತ್ತಿರಲಿಲ್ಲ. ವಾಡೆಯ ಹೆಂಗಸರು ಅವನು ಹಾದುಹೋಗುವಾಗ ಸೆರಗು ಸರಿಪಡಿಸಿಕೊಂಡು, ಬಣ್ಣ ಹೊಂದಿದೆಯೋ ಇಲ್ಲವೋ ಎಂದು ಗಾಬರಿಯಾಗುತ್ತಿದ್ದರು. ಒಮ್ಮೆ ಸಾವಕಾರರ ಸೊಸೆ, ತೊಟ್ಟಿಲಿಗೆ ಬೇವಿನ ಮರ ನಡೆಯುತ್ತದೆಯೇ ಎಂದು ಕೇಳಿ ಕಳಿಸಿದಳು. ಅಣ್ಣ ಕಣ್ಣು ಪಿಳುಕಿಸಿ "ಹೌದ್ರಿ" ಅಂದ. ಬೇವಿನದೇ ಮಾಡಿಸಿದರು.

ಒಂದು ದಿನ ಬೆಕ್ಕು ಮೂರು ಸಲ ಅಡ್ಡ ಬಂತು. ಮೂರು ಸಲ ಗಾಡಿಗಳು ಒಳಗೆ ಬಂದವು. ಬಿಸಿಲು ನೆತ್ತಿಗೇರಿದರೂ ನನ್ನ ಕೊಡ ಖಾಲಿ. ಮಧ್ಯಾಹ್ನ ಮೊರ ಹಿಡಿದು ಕುಳಿತಾಗ ಮೈಯೆಲ್ಲ ಉರಿಯುತ್ತಿತ್ತು. ಬಾಯಿಂದ ಬಂದೇಬಿಟ್ಟಿತು:

"ಬೆಕ್ಕಿಗೂ ಅದರದೇ ಕೆಲಸ ಇರ್ತದ್ರೀ ಅವ್ವಾರ. ನಾವು ಅದಕ ಅಡ್ಡ ಬಂದೀವಂತ ಅದೇನು ಹೊಳ್ಳಿ ಮನಿಗಿ ಹೋಗ್ತದೇನು?"

ಮೊರಗಳೆಲ್ಲ ಒಮ್ಮೆಲೇ ನಿಂತವು. ಸಾವಕಾರ್ತಿ ಮೆಲ್ಲಗೆ ಕೇಳಿದರು: "ಯಾರು ಅಂತಾರ ಹಂಗ?"

ಈಗಲಾದರೂ ನಿಜ ಹೇಳುತ್ತೇನೆ. ಅಲ್ಲಿ ಒಂದು ಉಸಿರು ತೆಗೆಯುವಷ್ಟು ಹೊತ್ತು ಇತ್ತು. ನಾನು ಅಂತೀನಿ ಎನ್ನಬಹುದಿತ್ತು. ಆದರೆ ನಾಲಿಗೆಗೆ ಗೊತ್ತಿದ್ದ ದಾರಿ ಒಂದೇ. "ನಮ್ಮಣ್ಣ ಅಂತಾನ್ರಿ" ಅಂದೆ.

ಮರುದಿನ ಮುಂಜಾನೆ ಸಾವಕಾರರು ಅಣ್ಣನನ್ನು ಗಾದಿಯಿಂದ ಎಬ್ಬಿಸಿ, ಗಾಡಿಯವರೆಲ್ಲರ ಎದುರಿಗೆ ನಿಲ್ಲಿಸಿದರು. ನಾನು ನಮ್ಮ ಬಾಗಿಲ ಮರೆಯಲ್ಲೇ ಇದ್ದೆ.

"ಏನಪಾ ಮುನೀಮಾ, ಬೆಕ್ಕಿಗೂ ಕೆಲಸ ಇರ್ತದಂತ ಅಂದೀಯಂತಲ್ಲ?"

ಅಣ್ಣನಿಗೆ ಇದ್ದದ್ದು ಎರಡೇ ಮಾತು. ಅದರಲ್ಲಿ ಒಂದನ್ನು ಆರಿಸಿಕೊಂಡ. "ಹೌದ್ರಿ" ಅಂದ.

ಗಾಡಿಯವರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಸಾವಕಾರರ ಮುಖ ಕೆಮ್ಮಣ್ಣು ಬಳಿದ ಹಾಗಾಯಿತು.

"ಆಯ್ತು. ಅದರ ಕೆಲಸ ಏನಂತ ನಮಗೂ ತಿಳೀಲಿ. ಇವತ್ತಿಂದ ಗಾದಿ ಬ್ಯಾಡ, ಬಾಗಲದಾಗ ಕುಂದ್ರು. ಅದು ಎಲ್ಲಿ ಹೋಗ್ತದ, ಏನು ಮಾಡ್ತದ, ಎಲ್ಲಾ ಬರಕೋ. ತಿಂಗಳಿಗಿ ಓದಿ ತೋರ್ಸು. ಅದಕ ಕೆಲಸ ಇಲ್ಲಂದ್ರ ನಿನಗೂ ಇಲ್ಲ."

"ಆಯ್ತ್ರಿ" ಅಂದ ಅಣ್ಣ. ಎರಡೂ ಮಾತು ಖರ್ಚಾದವು.

ನಾನು ಹೊಸ್ತಿಲು ದಾಟಿ ಹೋಗಿ, ಆ ಮಾತು ನನ್ನದು ಎನ್ನಬೇಕಿತ್ತು. ಗಾಡಿ ಹೊರಡುವ ಹೊತ್ತಿನಲ್ಲಿ ನಾನು ಎದುರಿಗೆ ಬರಬಾರದಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿದೆ. ಯಾವ ಶಾಸ್ತ್ರದ ಮೇಲೆ ಹಿಂದಿನ ದಿನ ಉರಿದುಬಿದ್ದಿದ್ದೆನೋ ಅದೇ ಶಾಸ್ತ್ರದ ಹಿಂದೆ ಅಡಗಿಕೊಂಡೆ.

ಅದಕ್ಕಿಂತ ದೊಡ್ಡ ತಪ್ಪು ಆಮೇಲೆ ನಡೆಯಿತು. ಮನೆಗೆ ಬಂದ ಅಣ್ಣ ರೊಟ್ಟಿಯ ಮುಂದೆ ಕುಳಿತ. ರೊಟ್ಟಿ ಮುರಿಯುತ್ತ ಕೇಳಿದ: "ತಂಗೀ, ನಾ ಹಂಗ ಅಂದಿದ್ದೆನೇನು?"

"ಅಂದಿದ್ದಿ" ಎಂದೆ. "ಮೊನ್ನಿ ಊಟಕ್ಕ ಕುಂತಾಗ. ನಾ ರೊಟ್ಟಿ ಬಡೀಲಿಕತ್ತಿದ್ದೆ."

ಅವನು ಆ ಮಾತನ್ನು ಒಮ್ಮೆ ತನ್ನಷ್ಟಕ್ಕೆ ಅಂದು ನೋಡಿದ. ಆಮೇಲೆ ಪಲ್ಯಕ್ಕೆ ಕೈ ಹಾಕುತ್ತ, "ಭಾಳ ಛಲೋ ಅಂದೀನಿ" ಅಂದ.

ಬಾಗಿಲಲ್ಲಿ ಕುಳಿತ ಮನುಷ್ಯ ಬೇರೆಯೇ ಆಗತೊಡಗಿದ. ಬೆಕ್ಕಿನ ದಫ್ತರವನ್ನು ಸರಕಾರಿ ಕಾಗದದ ಹಾಗೆ ನೀಟಾಗಿ ಬರೆಯುತ್ತಿದ್ದ. ಮನೆಗೆ ತಂದಾಗ ನಾನೂ ಓದುತ್ತಿದ್ದೆ. "ಪೂರ್ವ ದಿಕ್ಕಿಗೆ ಹೋಯಿತು. ಮಣ್ಣು ಕೆದರಿತು. ಕಾರಣ ಬರೆಯುವಂಥದ್ದಲ್ಲ." "ಜೋಳ ತುಂಬಿದ ಹಗೇವಿನ ಹತ್ತಿರ ಇಲಿ ಒಂದು." "ಜಂಗಮರ ಮಾಳಿಗೆಯ ಮೇಲೆ ಮಲಗಿತ್ತು. ಇಂದು ರಜೆ ಇರಬಹುದು." ಆದರೆ ಪ್ರತಿ ದಿನದ ಮೊದಲ ಸಾಲು ಒಂದೇ ಆಗಿತ್ತು: ಗಾಡಿ ಹೊರಡುವ ಹೊತ್ತು, ಗೋಡೆಯಿಂದ ಇಳಿದು, ರಸ್ತೆ ದಾಟಿ, ವಾಡೆಯ ಹಿಂಬಾಗಿಲಿಗೆ. ಅದು ಯಾಕೆಂದು ನನಗೆ ಗೊತ್ತಿತ್ತು. ಎಮ್ಮೆ ಹಿಂಡಿದ ಕೂಡಲೇ ಸಾವಕಾರ್ತಿಯವರೇ ಅಡಿಗೆಮನೆಯಿಂದ ಪುಚ್ ಪುಚ್ ಎಂದು ಅದನ್ನು ಕರೆದು ಹಾಲು ಹಾಕುತ್ತಿದ್ದರು. ಜೋಳಕ್ಕೆ ಇಲಿಯ ಕಾಟ, ಬೆಕ್ಕು ಬೇಕಿತ್ತು. ಅವರು ಕರೆಯುವ ಹೊತ್ತು, ಇವರು ಗಾಡಿ ಬಿಡುವ ಹೊತ್ತು, ಎರಡೂ ಒಂದೇ. ಇದು ಅಡಿಗೆಮನೆಗೆಲ್ಲ ತಿಳಿದ ಸಂಗತಿ. ಪಡಸಾಲೆಗೆ ಮಾತ್ರ ತಿಳಿಯದು. ಅಣ್ಣ ಅದನ್ನೂ ಬರೆದುಬಿಟ್ಟಿದ್ದ. ಬೇಡ ಎಂದು ಹೇಳಬೇಕೆನಿಸಿತು. ಎರಡು ಮಾತಿನ ಮನುಷ್ಯ, ಅದನ್ನೆಲ್ಲಿ ಓದಿಯಾನು ಎಂದು ಸುಮ್ಮನಾದೆ.

ತಿಂಗಳು ತುಂಬಿದ ದಿನ ಗಾಡಿಯವರು, ಕಲ್ಲು ಒಡೆಯುವವರು ಎಲ್ಲ ನೆರೆದರು. ಸಾವಕಾರರು ಮೀಸೆ ತಿರುವಿ, "ಹೇಳಪಾ, ಏನದ ಅದರ ಕೆಲಸ?" ಎಂದರು.

ಅಣ್ಣ ದಫ್ತರವನ್ನು ತೆರೆಯಲೂ ಇಲ್ಲ. "ನಿಮ್ಮ ಜ್ವಾಳಾ ಕಾಯೂದ್ರಿ. ಪಗಾರಕ್ಕ ದಿನಾ ಮುಂಜಾನಿ ಅವ್ವಾರು ಕರದು ಹಾಲು ಹಾಕ್ತಾರ್ರಿ. ಅದು ಡ್ಯೂಟಿಗಿ ಬರೂ ಹೊತ್ತಿನ್ಯಾಗ ನಿಮ್ಮ ಗಾಡೀನೇ ಅದಕ ಅಡ್ಡ ಬರ್ತಾವ್ರಿ."

ಅವನು ಅಷ್ಟುದ್ದ ಮಾತಾಡಿದ್ದನ್ನು ಶಹಾಬಾದು ಮೊದಲ ಸಲ ಕೇಳಿತು. ಎತ್ತುಗಳೂ ತಲೆ ಎತ್ತಿದವು. ಒಳಗೆ ಸಾವಕಾರ್ತಿಯವರ ಕೈಯಿಂದ ಲೋಟ ಬಿತ್ತು. ಜನ ಹೊಟ್ಟೆ ಹಿಡಿದು ನಕ್ಕರು. ಕರಾರಿನ ಪ್ರಕಾರ ಬೆಕ್ಕಿಗೆ ಕೆಲಸ ಇತ್ತು, ಹಾಗಾಗಿ ಅಣ್ಣನಿಗೂ ಇರಬೇಕಿತ್ತು. ಆದರೆ ಸಾವಕಾರರು ನಿಜವನ್ನು ಕೇಳಿದ್ದರೇ ಹೊರತು ಅದು ತಮ್ಮ ಅಡಿಗೆಮನೆಯಿಂದ ಬರಲಿ ಎಂದು ಕೇಳಿರಲಿಲ್ಲ. ಆ ದಿನವೇ ಅಣ್ಣನ ಕೆಲಸ ಹೋಯಿತು. ಬೆಕ್ಕಿನ ಕೆಲಸ ಉಳಿಯಿತು.

ಎರಡು ತಿಂಗಳು ಅವ್ವ ಜೋಳದ ನುಚ್ಚು ಕುದಿಸಿದಳು. ನಾನು ಉಣ್ಣುವಾಗ ತಲೆ ಎತ್ತುತ್ತಿರಲಿಲ್ಲ. ಆದರೆ ಮಾತು ಗಾಡಿ ಹತ್ತಿ ಆಗಲೇ ಹೊರಟುಹೋಗಿತ್ತು. ಗಾಡಿಯವರು ವಾಡಿ ಊರಿನಲ್ಲಿ ಹೇಳಿದರು, ಚಿತ್ತಾಪುರದಲ್ಲಿ ಹೇಳಿದರು, ಬೆಕ್ಕು ಕಂಡಲ್ಲೆಲ್ಲ ಹೇಳಿ ಎತ್ತಿನ ಬಾಲ ತಿರುವಿದರು. ಸೇಡಂನ ಒಬ್ಬ ಎಣ್ಣೆ ವ್ಯಾಪಾರಿ, ಆ ಬೆಕ್ಕಿನ ಮುನೀಮ ನೀನೇ ಏನು ಎಂದು ಕೇಳಿ ಅಣ್ಣನಿಗೆ ಕೆಲಸ ಕೊಟ್ಟ. ಬಾಯಿ ಇಲ್ಲವೆಂದು ವಾಪಸು ಕಳಿಸಿದ್ದವರಲ್ಲೇ ಒಬ್ಬರು ಬಂದು ಹೆಣ್ಣು ಕೊಟ್ಟರು. ಅಣ್ಣ ಮಾತಾಡಲು ಕಲಿತುಬಿಟ್ಟ. ತೊಗರಿಯ ಬಗ್ಗೆ, ಸರಕಾರದ ಬಗ್ಗೆ, ಕೆಂಪು ಅಂಚಿನ ಬಗ್ಗೆ ಕೂಡ. ಅತ್ತಿಗೆ ನನ್ನ ಹತ್ತಿರ, "ನಿಮ್ಮಣ್ಣನ ಬಾಯಿಗಿ ಕದಾ ಇಲ್ಲವ್ವಾ" ಎಂದು ಗೋಳಾಡುತ್ತಿದ್ದಳು.

ನನಗೆ ಸಂತೋಷವಾಗಬೇಕಿತ್ತು. ನಾಚಿಕೆ ಬಿಟ್ಟು ಹೇಳುತ್ತೇನೆ, ಹೊಟ್ಟೆಕಿಚ್ಚಾಯಿತು. ಅವನು ಗಾದಿ ಕಳೆದುಕೊಂಡಾಗ ಆ ಮಾತು ನನ್ನದೆಂದು ಹೇಳಲು ಹೆದರಿದವಳು, ಅವನಿಗೆ ಹೆಸರು ಬಂದಾಗ ಅದು ನನ್ನದೆಂದು ಹೇಳಲು ಹಾತೊರೆದೆ. ಒಮ್ಮೆ ಅತ್ತಿಗೆಯ ಮುಂದೆ ಹೇಳಿಯೂ ಹೇಳಿದೆ. ಅವಳು ನಕ್ಕು, ಛಲೋ ಮಾತೆಲ್ಲ ನಿಮ್ಮವೇ ಬಿಡ್ರಿ ಎಂದು ಬದನೆಕಾಯಿ ಹೆಚ್ಚತೊಡಗಿದಳು.

ಕಡೆಗೆ ಅಣ್ಣ ಮುದುಕನಾಗಿ ಹಾಸಿಗೆ ಹಿಡಿದಾಗ, ಕಾಲಿಗೆ ಬಿದ್ದಾದರೂ ಹೇಳಿಬಿಡಬೇಕೆಂದು ಅವನ ಹತ್ತಿರ ಹೋಗಿ ಕುಳಿತೆ. "ಅಣ್ಣಾ, ಆ ಬೆಕ್ಕಿನ ಮಾತು..." ಎಂದು ಶುರುಮಾಡಿದೆ. ಅವನ ಕಣ್ಣು ಹೊಳೆದವು.

"ನೆನಪದ ಏನು ನಿನಗ? ನಾ ಊಟಕ್ಕ ಕುಂತಿದ್ದೆ, ನೀ ರೊಟ್ಟಿ ಬಡೀಲಿಕತ್ತಿದ್ದಿ. ಮಾತು ತಾನೇ ಬಂತು ನೋಡು ತಂಗೀ."

ಅವನಿಗೆ ರೊಟ್ಟಿಯ ಸಪ್ಪಳ ಕೂಡ ನೆನಪಿತ್ತು. ಆ ನೆನಪನ್ನು ಅವನಿಗೆ ಕೊಟ್ಟವಳು ನಾನು. ಈಗ ಕಸಿದುಕೊಳ್ಳಲು ನಾನು ಯಾರು? "ಹೌದು" ಅಂದೆ. ಅವನು ಎಂದೋ ಬಿಟ್ಟಿದ್ದ ಎರಡು ಮಾತಿನಲ್ಲಿ ಒಂದು ಹೀಗೆ ನನ್ನ ಪಾಲಿಗೆ ಬಂತು.

ಇರಲಿ, ಕೋಳಿ ಕೊಡಿ ಇತ್ತ. ಜೀಪಿನಲ್ಲಿ ಡ್ರೈವರ ಕತೆಯನ್ನು ಮುಂದುವರಿಸಿದ್ದ. ಅವನ ಕತೆಯಲ್ಲಿ ಮುನೀಮ ಆರಡಿ ಎತ್ತರ, ಸಾವಕಾರನ ಪಟಗ ಕಿತ್ತು ಬೆಕ್ಕಿನ ತಲೆಗೆ ಸುತ್ತಿದ್ದ. ಕತೆ ಏರಿದ ಹಾಗೆಲ್ಲ ಜೀಪಿನ ವೇಗವೂ ಏರುತ್ತಿತ್ತು. ನಾನು ಮುಂದೆ ಬಾಗಿ, ಆ ಮುನೀಮ ನಮ್ಮಣ್ಣ ಎಂದೆ. ಹದಿನಾರು ತಲೆಗಳು ನನ್ನತ್ತ ತಿರುಗಿದವು. ಡ್ರೈವರನೂ ತಿರುಗಿದ, ರಸ್ತೆ ನೋಡುವವರು ಯಾರೂ ಉಳಿಯಲಿಲ್ಲ.

"ಖರೇನ ಆಯೀ? ಆ ಮಾತು ಅವರೇ ಅಂದಿದ್ರೇನು?"

ಮತ್ತೆ ಅದೇ, ಒಂದು ಉಸಿರಿನಷ್ಟು ಹೊತ್ತು.

"ಹೌದಪಾ, ನಮ್ಮಣ್ಣನೇ ಅಂದಿದ್ದ" ಎಂದೆ. "ಈಗ ಮುಂದ ನೋಡು, ಗಾಡಿ ಮೆಲ್ಲಕ ಹೊಡಿ. ಇದು ನಾ ಅಂತೀನಿ."

ಅವನು ಮುಂದೆ ನೋಡಿದ. ಜೀಪು ಮೆಲ್ಲಗಾಯಿತು.