ಮುಂದಿನ ತಿಂಗಳ ಕಂಪ್ಯೂಟರ್

ಆ ದಿನಗಳಲ್ಲಿ ಶಾಲೆಗಳಿಗೆ ಬೀಗ ಬಿದ್ದಿತ್ತು. ರೋಗದ ಎರಡನೇ ವರ್ಷ. ದೊಡ್ಡವರಿಗೆ ಅದು ಆಸ್ಪತ್ರೆಯ, ಭಯದ, ಕೆಟ್ಟ ಸುದ್ದಿಗಳ ಕಾಲ. ಮಕ್ಕಳಿಗೆ ಮಾತ್ರ ಮುಗಿಯದ ಸೂಟಿ. ಬಾಲ್ಯ ಎಂದರೆ ನಿಮಗೆ ಚಿಣಿಪಣಿ, ಬುಗುರಿ, ಉಪ್ಪು ಹಚ್ಚಿದ ಹುಣಸೆಕಾಯಿ ನೆನಪಾಗಬಹುದು. ನನ್ನ ಬಾಲ್ಯವೂ ಅಂಥದೇ, ಅದರ ಮೇಲೆ ನನಗೆ ತಕರಾರಿಲ್ಲ. ನಾನು ಬರೆಯಲು ಕೂತಿರುವುದು ನನ್ನ ಮೊಮ್ಮಗಳ ಬಾಲ್ಯದ ಒಂದು ಮಳೆಗಾಲವನ್ನು. ಅದನ್ನು ಕೆಡಿಸಿದವನು ನಾನೇ. ಹಾಗಾಗಿ ಅವಳಿಗಿಂತ ನನಗೇ ಅದು ಹೆಚ್ಚು ನೆನಪಿದೆ.

ನಾನು ಹತ್ತನೇ ಇಯತ್ತೆ ಪಾಸಾಗಿ ದಾಂಡೇಲಿಯಲ್ಲಿ ಕಾಗದದ ಮಿಲ್ಲಿನ ಮೆಂಟೇನನ್ಸ್ ಕೆಲಸಕ್ಕೆ ಸೇರಿದವನು. ನಿವೃತ್ತನಾದ ಮೇಲೆ ಮುಂಡಗೋಡ ತಾಲೂಕಿನ ಸನವಳ್ಳಿಗೆ, ಹೆಂಡತಿಯ ಊರಿಗೆ, ಬಂದು ನೆಲೆಸಿದೆ. ಮೊಮ್ಮಗಳ ಹೆಸರು ಸಾವಿ, ಆಗ ಅವಳಿಗೆ ಹನ್ನೊಂದು ವರ್ಷ. ಅವಳ ಅಪ್ಪ ಅವ್ವ ಇಬ್ಬರೂ ದಾಂಡೇಲಿಯಲ್ಲಿ ಆಸ್ಪತ್ರೆಯ ಕೆಲಸದವರು. ಸೋಂಕು ಮಗುವಿಗೆ ತಗುಲೀತೆಂದು ಅವಳನ್ನು ನಮ್ಮ ಹತ್ತಿರ ಬಿಟ್ಟಿದ್ದರು.

ನಮ್ಮ ಗೋವಿನಜೋಳದ ಹೊಲದ ಆಚೆ ಸಿದ್ದಿ ಬುಡಕಟ್ಟಿನವರ ಮನೆ. ಅಲ್ಲಿಯ ಮಂಜಿ ಸಾವಿಯ ಓರಗೆಯವಳು. ಮಂಜಿಯ ಅಪ್ಪ ಗೋವಾದಲ್ಲಿ ಕಟ್ಟಡ ಕೆಲಸಕ್ಕೆ ಹೋಗಿ ಅಲ್ಲೇ ಸಿಕ್ಕಿಕೊಂಡಿದ್ದ. ಗೋವಾ ಗಡಿಯ ಅನಮೋಡದ ಚೆಕ್‌ಪೋಸ್ಟಿನಲ್ಲಿ ಪಾಸ್ ಇಲ್ಲದವರನ್ನು ಬಿಡುತ್ತಿರಲಿಲ್ಲ. ಹುಡುಗಿಯರಿಬ್ಬರೂ ಆ ಸುದ್ದಿಯನ್ನೇ ಹಿಡಿದು ಒಂದು ಆಟ ಕಟ್ಟಿದರು. ಗೋವಾದಿಂದ ಆನೆಯೊಂದು ಮನೆಗೆ ಹೊರಟಿದೆ. ಅನಮೋಡದಲ್ಲಿ ಪೊಲೀಸಪ್ಪ ಪಾಸ್ ಕೇಳುತ್ತಾನೆ. ಆನೆ ಪೊಲೀಸಪ್ಪನ ಕಣ್ಣು ತಪ್ಪಿಸಿ ಕಾಡಿನೊಳಗಿಂದ ದಾರಿ ಹುಡುಕಬೇಕು. ಇದನ್ನು ನಿಜವಾದ ಕಂಪ್ಯೂಟರ್ ಆಟ ಮಾಡಬೇಕೆಂಬುದು ಅವರ ಆಸೆ. ಸಾವಿ ಶಾಲೆಯಲ್ಲಿ ಸ್ವಲ್ಪ ಕಲಿತಿದ್ದಳು, ಮಂಜಿ ಚಿತ್ರ ಚೆನ್ನಾಗಿ ಬಿಡಿಸುತ್ತಿದ್ದಳು. ಆದರೆ ದಾರಿ ತೆರೆದ ಕೂಡಲೇ ಬಂದು ತಾಯಿ ಮಗಳನ್ನು ಗೋವಾಕ್ಕೆ ಕರೆದುಕೊಂಡು ಹೋಗುತ್ತೇನೆಂದು ಮಂಜಿಯ ಅಪ್ಪ ಫೋನಿನಲ್ಲಿ ಹೇಳಿದ್ದ. ಅಷ್ಟರೊಳಗೆ ಆಟ ಮುಗಿಯಬೇಕಿತ್ತು.

"ಅಜ್ಜಾ, ಕಂಪ್ಯೂಟರ್ ತಗೊಳ್ಳೂಣು," ಅಂದಳು ಸಾವಿ.

"ತಗೊಳ್ಳೂದು ಯಾಕ? ನಾನ ಜೋಡಸ್ತೇನಿ," ಅಂದೆ ನಾನು.

ಇಬ್ಬರೂ ಕುಣಿದರು. ಮಂಜಿ ನನ್ನ ಕಾಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ನೆನೆದರೆ ಈಗಲೂ ಮೈಮೇಲೆ ಹುಳ ಹರಿದಂತಾಗುತ್ತದೆ.

ಮಿಲ್ಲಿನಲ್ಲಿ ನಮಗೊಂದು ಪದ್ಧತಿ ಇತ್ತು. ವರ್ಷಕ್ಕೊಮ್ಮೆ ಯಂತ್ರ ನಿಲ್ಲಿಸಿ ರಿಪೇರಿ ಮಾಡುವ ಕಾಲಕ್ಕೆ ಶಟ್‌ಡೌನ್ ಎನ್ನುತ್ತಿದ್ದರು. ಎಲ್ಲ ಸ್ಪೇರುಗಳೂ ಬಂದು ಹಲಗೆಯ ಮೇಲೆ ಕೂರುವವರೆಗೆ ಒಂದು ಬೋಲ್ಟನ್ನೂ ಬಿಚ್ಚುವಂತಿಲ್ಲ. ಅರ್ಧ ಬಿಚ್ಚಿ ಆಮೇಲೆ ಅಳತೆ ಕೂಡಲಿಲ್ಲವೆಂದರೆ ಕೆಲಸ ಹೋಯಿತೆಂದೇ ಲೆಕ್ಕ. ಆ ಪದ್ಧತಿಯನ್ನು ನಾನು ಮಕ್ಕಳ ಕಂಪ್ಯೂಟರಿಗೆ ಹಚ್ಚಿದೆ.

ಮೊದಲು ಕ್ಯಾಬಿನೆಟ್ ಬಂತು, ಅಂದರೆ ಹೊರಗಿನ ಖಾಲಿ ಡಬ್ಬಿ. ಆಮೇಲೆ ಕೀಬೋರ್ಡ್. ಅಲ್ಲಿಗೆ ನಿಂತಿತು. ಮದರ್‌ಬೋರ್ಡ್ ಎಂಬ ಹಲಗೆಯ ಗುಂಡಿಯಲ್ಲಿ ಪ್ರೊಸೆಸರ್ ಕೂರಬೇಕು. ಆ ವರ್ಷ ಸಿಗುತ್ತಿದ್ದ ಪ್ರೊಸೆಸರಿಗೆ ಒಂದು ಅಳತೆ, ಮಳೆಗಾಲ ಮುಗಿದ ಮೇಲೆ ಬರಲಿದ್ದ ಹೊಸದಕ್ಕೆ ಇನ್ನೊಂದು ಅಳತೆ. ಅದೇ ಹೊತ್ತಿಗೆ ಕಂಪ್ಯೂಟರ್ ನಡೆಸುವ ಸಾಫ್ಟ್‌ವೇರಿನ ಹೊಸ ಆವೃತ್ತಿಯೂ ಬರುವುದಿತ್ತು. ಹಳೆಯ ಯಂತ್ರಗಳಲ್ಲಿ ಅದು ಕೂರುವುದಿಲ್ಲವೆಂದು ಮೊಬೈಲಿನ ವಿಡಿಯೊಗಳಲ್ಲಿ ಒಬ್ಬರಾದ ಮೇಲೊಬ್ಬರು ಬಾಯಿ ಬಡಿದುಕೊಳ್ಳುತ್ತಿದ್ದರು. "ಈಗ ಕೊಳ್ಳಬೇಡಿ, ತಡೆಯಿರಿ." ಅವರ ಮಾತು ನನಗೆ ಬೆಲ್ಲದಂತೆ ಹಿಡಿಸಿತು. ಊಟ ಬಿಟ್ಟು ಕೇಳಿದೆ.

ನನ್ನ ಹೆಂಡತಿ ಕಾವಲಿಯ ಮೇಲೆ ರೊಟ್ಟಿ ತಿರುವುತ್ತ ಅಂದಳು: "ಲಗ್ನದಾಗ ಯಾಕ ಅವಸರಾ ಮಾಡಿದ್ರಿ? ಮುಂದಿನ ವರ್ಷ ಇನ್ನೂ ಛಲೋದು ಬರ್ತಿತ್ತಲ್ಲ."

ಹುಡುಗಿಯರು ಬಿದ್ದು ಬಿದ್ದು ನಕ್ಕರು. ನಾನು ನಗಲಿಲ್ಲ.

ನಮ್ಮೂರ ಹತ್ತಿರದ ಟಿಬೆಟನ್ ನಿರಾಶ್ರಿತರ ಕಾಲೊನಿಯಲ್ಲಿ ತೆನ್ಜಿನ್ ಎಂಬುವನ ಕಂಪ್ಯೂಟರ್ ಅಂಗಡಿ ಇತ್ತು. ಇಲ್ಲೇ ಹುಟ್ಟಿದವನು, ನಮ್ಮ ಹಾಗೆಯೇ ಮಾತಾಡುತ್ತಾನೆ. ನಾನು ಹೋದಾಗ ಒಂದು ಹಳೆಯ ಯಂತ್ರವನ್ನು ಮೇಜಿನ ಮೇಲಿಟ್ಟ.

"ಅಜ್ಜಾರ, ಇದನ್ನ ಒಯ್ರಿ. ಹುಡುಗ್ಯಾರ ಆನಿ ಇದ್ರಾಗ ಆರಾಮ ಓಡ್ತೈತಿ. ನಿಮ್ಮ ಹೊಸಾದು ಆದ ಮ್ಯಾಲೆ ತಂದು ಕೊಡ್ರಿ."

"ಹೊಸ ಆವೃತ್ತಿ ಇದ್ರಾಗ ಕೂಡ್ತೈತೇನು?"

"ಇಲ್ರಿ. ಆದ್ರ ಈಗಿಂದು ಇನ್ನೂ ನಾಕು ವರ್ಷ ನಡೀತೈತಲ್ಲ!"

"ನಾಳೆ ಕೆಡೂದನ್ನ ಇವತ್ತ ಮನಿಗೆ ಒಯ್ಯಾವಲ್ಲ ನಾ."

ತೆನ್ಜಿನ್ ನಕ್ಕು ಚಹಾ ತರಿಸಿದ. "ನಮ್ಮ ಅಜ್ಜ ಈ ಕ್ಯಾಂಪಿಗೆ ಬಂದಾಗ ಯಾರೋ ಮಾವಿನ ಸಸಿ ಕೊಟ್ಟಿದ್ರಂತ. ಹಚ್ಚಲಿಲ್ಲ. ‘ಮುಂದಿನ ವರ್ಷ ನಮ್ಮ ದೇಶಕ್ಕ ಹೋಗೂದೈತಿ, ಹಣ್ಣು ಯಾರು ತಿನ್ನಾವ್ರು’ ಅಂದ್ನಂತ. ಇಲ್ಲೇ ಸತ್ತ. ನಾವು ಇವತ್ತಿಗೂ ಮಾವಿನಹಣ್ಣು ಮುಂಡಗೋಡ ಸಂತಿಯಾಗ ಕೊಳ್ತೇವಿ ನೋಡ್ರಿ."

ನಾನೂ ನಕ್ಕೆ. ಅದು ಅವರ ಮನೆಯ ಕತೆ ಅಂದುಕೊಂಡೆ. ಚಹಾ ಕುಡಿದು ಬರಿಗೈಯಲ್ಲಿ ಬಂದೆ.

ಮನೆಗೆ ಬಂದು ನೋಡಿದರೆ ಹುಡುಗಿಯರು ಪಡಸಾಲೆಯಲ್ಲಿ ಕಂಪ್ಯೂಟರ್ ಶುರು ಮಾಡಿಬಿಟ್ಟಿದ್ದರು. ಹೊರಗೆ ಮಳೆ. ಒಳಗೆ ಕೆಂಡದ ಮೇಲೆ ಸುಟ್ಟ ಎಳೆಯ ಜೋಳದ ವಾಸನೆ. ಕ್ಯಾಬಿನೆಟ್ಟಿನ ಪಕ್ಕದ ಗಾಜಿನ ಬಾಗಿಲೇ ಅವರ ಪರದೆ. ಹಿಂದುಗಡೆ ಮಂಜಿ ಕೂತು ರಟ್ಟಿನ ಆನೆಯನ್ನು ಕಡ್ಡಿಗೆ ಸಿಗಿಸಿ ಒಳಗೆ ಆಡಿಸುತ್ತಿದ್ದಳು. ಮುಂದೆ ಸಾವಿ, ಎಲ್ಲಿಗೂ ಜೋಡಿಸದ ಕೀಬೋರ್ಡನ್ನು ಕುಟ್ಟುತ್ತಿದ್ದಳು.

"ಮುಂದ ಹೋಗೂ ಗುಂಡಿ ಒತ್ತೇನಿ, ಯಾಕ ಹೋಗವಲ್ದು?"

"ಆನಿಗೆ ಹಸಿವ್ಯಾಗೈತಿ. ತಡೀ, ಜೋಳಾ ತಿನ್ನಾಕತ್ತೈತಿ."

"ಏ, ಅದು ನನ್ನ ಪಾಲಿನ ಜೋಳ!"

"ಹಂಗಾರ ಪೊಲೀಸಪ್ಪಗ ಹೇಳು!"

ಮಂಜಿಯ ಬಾಯಿಂದ ಜೋಳದ ಕಾಳು ಡಬ್ಬಿಯೊಳಗೆ ಉದುರಿತು. ಆ ನಗು ಒಂದು ಗಳಿಗೆ ನನ್ನನ್ನೂ ಹಿಡಿಯಿತು. ಆದರೆ ಕಣ್ಣಿಗೆ ಬಿದ್ದದ್ದು ಕೀಬೋರ್ಡಿನ ಮೇಲಿನ ಮಸಿಯ ಬೆರಳಚ್ಚು.

"ಹೊಸಾ ಸಾಮಾನು! ನಿಮ್ಮ ಎಂಜಲಾ ಕೈಯಾಗ ಹಾಳು ಮಾಡ್ತೀರೇನು? ಎತ್ತಿಡ್ರಿ ಅದನ್ನ!"

ಕೀಬೋರ್ಡು, ಡಬ್ಬಿ ಎರಡನ್ನೂ ಒರೆಸಿ, ಪ್ಲಾಸ್ಟಿಕ್ ಸುತ್ತಿ ಅಟ್ಟದ ಮೇಲೆ ಇಟ್ಟೆ. ಮಂಜಿ ರಟ್ಟಿನ ಆನೆಯನ್ನು ಲಂಗದೊಳಗೆ ಮುಚ್ಚಿಕೊಂಡು ನಿಂತಿದ್ದಳು. ಎಂಜಲು ಕೈ ಎಂಬ ಮಾತನ್ನು ನಾನು ಯಾರ ಮುಖ ನೋಡಿ ಹೇಳಿದೆನೆಂಬುದು ನನಗೆ ಗೊತ್ತು. ಸಾವಿಯ ಮುಖ ನೋಡಿ ಅಲ್ಲ. ಅವಳ ಕೈಗೂ ಅದೇ ಜೋಳ ಹತ್ತಿತ್ತು.

ಮಂಜಿ ಸಿಟ್ಟಾಗಲಿಲ್ಲ. ಮಾರನೆಯ ದಿನ ಮತ್ತೆ ಬಂದಳು, ಕೈ ತೊಳೆದುಕೊಂಡು ಬಂದು ಎರಡೂ ಅಂಗೈ ನನಗೆ ತೋರಿಸಿದಳು. "ಅಜ್ಜಾ, ಹೊಸಾದು ಬಂತೇನು?" ಪ್ರತಿದಿನ ಬಂದು ಕೇಳಿದಳು. ಪ್ರತಿದಿನ ನಾನು ಕಟ್ಟೆಯ ಮೇಲೆ ಕೂತು ಪ್ರೊಸೆಸರ್ ಎಂದರೇನು, ಅಳತೆ ಎಂದರೇನು ಎಂದು ಪುರಾಣ ಹೇಳಿದೆ. ಇಬ್ಬರೂ ಬಾಯಿ ಬಿಟ್ಟು ಕೇಳುತ್ತಿದ್ದರು.

ಇಲ್ಲಿ ನಿಜ ಹೇಳಬೇಕು. ನಾನು ಕಾದದ್ದು ಹೊಸ ಪ್ರೊಸೆಸರಿಗಾಗಿ ಮಾತ್ರ ಅಲ್ಲ. ಮಿಲ್ಲು ಬಿಟ್ಟ ಮೇಲೆ ನನ್ನನ್ನು ಯಾರೂ ಏನನ್ನೂ ಕೇಳುತ್ತಿರಲಿಲ್ಲ. ಈ ಇಬ್ಬರು ದಿನಾ ಕೇಳುತ್ತಿದ್ದರು. ಕಂಪ್ಯೂಟರ್ ಆಗಿಬಿಟ್ಟರೆ ಅವರು ಅದರ ಕಡೆ ತಿರುಗಿ ಕೂರುತ್ತಾರೆ, ನನ್ನ ಕಡೆ ಬೆನ್ನು. ಮಕ್ಕಳ ಆಸೆಯನ್ನು ಹಸಿವಿನಲ್ಲಿಟ್ಟು ಅದರ ಎದುರು ಕೂತು ಹೊಟ್ಟೆ ತುಂಬ ಉಂಡವನು ನಾನು. ಇದಕ್ಕಿಂತ ಹೊಲಸಾದ ಊಟ ಇನ್ನೊಂದಿಲ್ಲ.

ಗಣೇಶ ಚವತಿ ಮುಗಿದು ಕೆಲವೇ ದಿನಗಳಲ್ಲಿ ಮಂಜಿಯ ಅಪ್ಪ ಬಂದ. ಅವರು ಹೊರಡುವ ಬೆಳಿಗ್ಗೆ ಮಂಜಿ ಹೊಸ ಫ್ರಾಕು ಹಾಕಿಕೊಂಡು ಅಂಗಳದಲ್ಲಿ ನಿಂತಳು.

"ಅಜ್ಜಾ, ಯಾವಾಗ ಆಕ್ಕೈತಿ?"

"ಮುಂದಿನ ತಿಂಗಳ, ತಂಗಿ."

"ಮುಂದಿನ ತಿಂಗಳ ನಾ ಇರಾಂಗಿಲ್ಲಲ್ಲ."

"ಕಂಪ್ಯೂಟರ್ ಎಲ್ಲಿ ಓಡಿ ಹೋಗ್ತೈತಿ? ನೀ ಬಂದಾಗ ಆಡೀಯಂತ."

ಅವಳು ಸಾವಿಯನ್ನು ನೋಡಿದಳು. ಸಾವಿ ನನ್ನನ್ನು ನೋಡಿದಳು. ತೆನ್ಜಿನ್‌ನ ಮೇಜಿನ ಮೇಲೆ ಆ ಹಳೆಯ ಯಂತ್ರ ಇನ್ನೂ ಇತ್ತು, ಅದು ನನಗೊಬ್ಬನಿಗೇ ಗೊತ್ತಿತ್ತು. ನಾನು ಆಕಾಶ ನೋಡಿ, ಮಳೆ ಬರುವ ಹಾಗಿದೆ, ಬೇಗ ಹೊರಡಿ ಅಂದೆ.

ದಸರೆಯ ಮೊದಲೇ ಸಾವಿಯ ಶಾಲೆಯೂ ತೆರೆಯಿತು, ಅವಳು ದಾಂಡೇಲಿಗೆ ಹೋದಳು. ಪ್ರೊಸೆಸರ್ ಬರುವ ಹೊತ್ತಿಗೆ ತೆನ್ಜಿನ್ ಅಂಗಡಿ ಮುಚ್ಚಿ, ಚಳಿಗಾಲಕ್ಕೆ ತನ್ನವರೊಡನೆ ದೂರದ ಊರುಗಳಿಗೆ ಸ್ವೆಟರ್ ಮಾರಲು ಹೋಗಿದ್ದ. ಅವನು ತಿರುಗಿ ಬಂದು, ಅವರ ಹೊಸ ವರ್ಷದ ಹಬ್ಬ ಮುಗಿದ ಮೇಲೆ ಎಲ್ಲ ಭಾಗಗಳೂ ಸೇರಿದವು. ಅಟ್ಟದಿಂದ ಡಬ್ಬಿ ಇಳಿಸಿ ಪ್ಲಾಸ್ಟಿಕ್ ಬಿಚ್ಚಿದೆ. ಗಪ್ಪನೆ ಉಚ್ಚೆಯ ನಾತ. ಪ್ಲಾಸ್ಟಿಕ್ ಕಡಿದು ಒಳಹೊಕ್ಕ ಇಲಿ ಗೂಡು ಕಟ್ಟಿ ಮರಿ ಹಾಕಿತ್ತು. ಕಣ್ಣು ತೆರೆಯದ, ಗುಲಾಬಿ ಬಣ್ಣದ ಮರಿಗಳು ಒಂದರ ಮೇಲೊಂದು ಮಿಸುಕಾಡುತ್ತಿದ್ದವು. ಹಿತ್ತಲಿಗೆ ಓಡಿ ವಾಂತಿ ಮಾಡಿಕೊಂಡೆ. ಹೆಂಡತಿ ನೀರಿನ ತಂಬಿಗೆ ಕೊಟ್ಟಳು.

ತೊಳೆದು ಒಣಗಿಸಿ, ನಾನೇ ಜೋಡಿಸಿದೆ. ಒಂದೇ ಸಲಕ್ಕೆ ಚಾಲೂ ಆಯಿತು. ಬೇಸಿಗೆಯ ಸೂಟಿಗೆ ಬಂದ ಸಾವಿ ಅದರ ಮುಂದೆ ಕೂತು ಸ್ವಲ್ಪ ಹೊತ್ತು ಏನೇನೋ ಒತ್ತಿದಳು.

"ಆ ಆಟಾ ಮಾಡವಾ," ಅಂದೆ.

"ಬ್ಯಾಡ ಅಜ್ಜಾ. ಒಬ್ಬಾಕಿ ಏನ್ ಮಾಡ್ಲಿ?" ಅಂದಳು. ಹೇಳುವಾಗ ಸಿಟ್ಟೂ ಇರಲಿಲ್ಲ. ಎದ್ದು ಅಜ್ಜಿಯ ಹತ್ತಿರ ಹೋದಳು.

ಈಗ ಸಾವಿಗೆ ಕಾಲೇಜಿನ ವಯಸ್ಸು ಹತ್ತಿರ ಬಂದಿದೆ. ಮಂಜಿ ಗೋವಾದಲ್ಲಿ ಶಾಲೆಗೆ ಸೇರಲೇ ಇಲ್ಲವಂತೆ. ಯಾರದೋ ಮನೆಯಲ್ಲಿ ಮಗು ಆಡಿಸುತ್ತಾಳೆಂದು ಅವಳ ದೊಡ್ಡವ್ವ ಹೇಳಿದಳು. ಚಿತ್ರ ಬಿಡಿಸುತ್ತಾಳೇನು ಎಂದು ಕೇಳಿದೆ. ದೊಡ್ಡವ್ವನಿಗೆ ಆ ಪ್ರಶ್ನೆಯೇ ತಿಳಿಯಲಿಲ್ಲ. ಒಂದು ಆಟ ಆಗಿದ್ದರೆ ಅವಳ ಬದುಕು ಬದಲಾಗುತ್ತಿತ್ತು ಎಂದು ನಾನು ಹೇಳಲಾರೆ. ಆದರೆ ಆ ಹುಡುಗಿಗೆ ತಾನು ಮಾಡಿದ್ದೊಂದನ್ನು ಅಪ್ಪನಿಗೆ ತೋರಿಸುವ ಒಂದು ದಿನವಿತ್ತು. ಅದು ಇಲ್ಲದಾಯಿತು. ಇಬ್ಬರು ಗೆಳತಿಯರು ಮೈಗೆ ಮೈ ಹಚ್ಚಿ ಕೂರುವ ಮಳೆಗಾಲವಿತ್ತು. ಅದೂ ಹೋಯಿತು.

ನನ್ನ ಲೆಕ್ಕ ಮಾತ್ರ ತಪ್ಪಲಿಲ್ಲ. ಸಾಫ್ಟ್‌ವೇರಿನ ಹಳೆಯ ಆವೃತ್ತಿಗೆ ಕಂಪನಿಯ ಬೆಂಬಲ ಇತ್ತೀಚೆಗೆ ನಿಂತುಹೋಯಿತು. ಆಗ ಅವಸರದಿಂದ ಕೊಂಡವರೆಲ್ಲ ತಲೆ ಮೇಲೆ ಕೈ ಹೊತ್ತು ಕೂತರು. ನನ್ನದು ಹೊಸದರಲ್ಲಿ ನೀರು ಕುಡಿದ ಹಾಗೆ ನಡೆಯುತ್ತಿದೆ. ಕಳೆದ ವಾರ ಓಣಿಯ ಬಸಪ್ಪ ತನ್ನ ಮಗನನ್ನು ಕರೆದುಕೊಂಡು ಬಂದಿದ್ದ.

"ಮಾಮಾ, ನಿಮ್ಮ ಲೆಕ್ಕ ಬರೋಬ್ಬರಿ ಇತ್ತು ನೋಡ್ರಿ. ಇವಗ ಕಂಪ್ಯೂಟರ್ ಬೇಕಂತ. ಈಗ ತಗೊಳ್ಳೂಣೋ, ತಡಿಯೂಣೋ?"

"ಇವತ್ತ ತಗೋ," ಅಂದೆ. "ಯಾವುದ ಸಿಕ್ಕರೂ ಇವತ್ತ ತಗೋ."

ಬಸಪ್ಪ ಹಲ್ಲು ಬಿಟ್ಟ. "ಚಾಷ್ಟಿ ಮಾಡಬ್ಯಾಡ್ರಿ ಮಾಮಾ. ನೀವು ಕಾಯ್ದು ಗೆದ್ದೀರಿ, ನಮಗ ಹಿಂಗ ಹೇಳ್ತೀರಿ?"

ನಾನು ಮತ್ತೆ ಮತ್ತೆ ಹೇಳಿದೆ, ಕೈ ಹಿಡಿದು ಹೇಳಿದೆ. ಅವನು ನಂಬಲಿಲ್ಲ. ಮಗನ ಹೆಗಲ ಮೇಲೆ ಕೈ ಹಾಕಿ, ಮುಂದಿನ ವರ್ಷ ನೋಡೋಣ ಎನ್ನುತ್ತ ಅಂಗಳ ಇಳಿದು ಹೋದ.