ಲಾರಿಯ ಚಿತ್ರದಲ್ಲಿ ಇಲ್ಲದ ಡಬ್ಬ

ಪಟ್ಟಣದಿಂದ ಬಂದ ಒಫೇಲಿಯಾ ಮೇಜಿನ ಮೇಲಿಟ್ಟ ಕಾಗದವನ್ನು ಎರ್ಲಿಂದಾ ಅಜ್ಜಿ ಮುಟ್ಟಲೇ ಇಲ್ಲ. ಇಂಥದೊಂದು ಕಾಗದಕ್ಕೆ ಸಹಿ ಹಾಕಿಯೇ ಅಜ್ಜಿಯ ಅಪ್ಪ ರಿಯೊ ಗ್ರಾಂದೆ ನದಿ ದಡದ ಮೂರು ಎಕರೆ ಕಳೆದುಕೊಂಡಿದ್ದ. ಎಂಥ ಮಣ್ಣು ಅಂತೀರಿ, ಅಲ್ಲಿ ಬೆಳೆದ ಕಲ್ಲಂಗಡಿ ಎತ್ತಲು ಇಬ್ಬರು ಬೇಕಿತ್ತು. ಇರಲಿ, ಹೋದದ್ದು ಹೋಯಿತು.

ಈ ಕಾಗದ ಮಕ್ಕಳ ಪುಸ್ತಕಕ್ಕೆ ಒಪ್ಪಿಗೆಯದು. ನಮ್ಮ ಮೆಕ್ಸಿಕನ್ ಜನರಲ್ಲಿ ಒಳ್ಳೆಯ ಕೆಲಸ ಮಾಡಿದವರ ಬದುಕನ್ನು ಒಫೇಲಿಯಾ ತಾನೇ ಚಿತ್ರ ಬರೆದು ಬಣ್ಣದ ಪುಸ್ತಕ ಮಾಡುತ್ತಾಳೆ. ಪ್ರತಿ ಬೇಸಿಗೆಯಲ್ಲೂ ಬೀಟ್‌ಗೆಡ್ಡೆ ಹೊಲದ ಕೂಲಿಗೆಂದು ಮನೆಮಂದಿಯ ಜೊತೆ ಲಾರಿಯಲ್ಲಿ ದೂರದ ಉತ್ತರದ ಮಿಶಿಗನ್‌ವರೆಗೆ ಹೋಗುವಾಗ, ಹತ್ತು ವರ್ಷದ ಎರ್ಲಿಂದಾ ಲಾರಿಯ ಹಲಗೆಯ ಮೇಲೆ ಇದ್ದಿಲಿನಲ್ಲಿ ಬರೆದು ಹನ್ನೆರಡು ಮಕ್ಕಳಿಗೆ ಅಕ್ಷರ ಕಲಿಸಿದ್ದಳು. ಈ ಪುಸ್ತಕದ ಕತೆ ಅದೇ. ನಾಳೆಯೊಳಗೆ ಅವಳ ಸಹಿ ಬೀಳದಿದ್ದರೆ ಪುಸ್ತಕ ಅಚ್ಚಾಗುವುದಿಲ್ಲ.

“ಅಜ್ಜಿ, ನಾನು ಎರಡು ಸಲ ಓದಿದೀನಿ. ಏನೂ ಮೋಸ ಇಲ್ಲ,” ಎಂದಳು ಮೊಮ್ಮಗಳು ನಯೇಲಿ.

“ಮದ್ವೆಗೆ ಮುಂಚೆ ನಿನ್ ಗಂಡನ್ನೂ ಎರಡು ಸಲ ನೋಡಿದೀನಿ ಅಂದಿದ್ದೆ. ಸುಮ್ನಿರು.”

ಅಜ್ಜಿ ಪುಸ್ತಕದ ಚಿತ್ರಗಳನ್ನು ಒಂದೊಂದಾಗಿ ಕಿಟಕಿಯ ಬೆಳಕಿಗೆ ಹಿಡಿದಳು, ಹಿಂಬದಿಯನ್ನೂ ತಿರುಗಿಸಿ ನೋಡಿದಳು. ಲಾರಿಯ ಚಿತ್ರಕ್ಕೆ ಬಂದು ನಿಂತಳು.

“ಇವ್ರೆಲ್ಲ ಯಾಕೆ ಹಿಂಗೆ ಹಲ್ಲು ಕಿರೀತಿದಾರೆ? ಡಬ್ಬ ಎಲ್ಲಿ?”

“ಯಾವ ಡಬ್ಬ, ದೋನ್ಯಾ ಎರ್ಲಿಂದಾ?” ಒಫೇಲಿಯಾ ಹಿರಿಯರನ್ನು ಕರೆಯುವ ಗೌರವದಲ್ಲೇ ಕೇಳಿದಳು.

“ಕಾಫಿಪುಡಿ ಡಬ್ಬ. ಉಚ್ಚೆ ಹೊಯ್ಯೋಕೆ. ಮೆಕ್ಸಿಕನ್ನರು ಅಂತ ದಾರೀಲಿ ಒಂದ್ ಹೋಟ್ಲವ್ರೂ ನಮ್ಮನ್ನ ಕಕ್ಕಸಿಗೆ ಬಿಡ್ತಿರ್ಲಿಲ್ಲ. ಮೂರು ದಿನ ಕಣಮ್ಮ! ಅದನ್ನ ಅಳಿಸಿದ್ದು ಯಾರು?”

ಒಫೇಲಿಯಾಳ ಮುಖ ಕೆಂಪಾಯಿತು. “ಅಳಿಸಿಲ್ಲ, ನಂಗೆ ಗೊತ್ತೇ ಇರ್ಲಿಲ್ಲ. ಆದ್ರೂ, ಇದು ಪುಟ್ಟ ಮಕ್ಕಳ ಪುಸ್ತಕ...”

“ಅದ್ರ ಮೇಲೆ ಕೂತಿದ್ದೂ ಪುಟ್ಟ ಮಕ್ಕಳೇ ತಾಯಿ. ಹಿಂಗೆ ತೋರಿಸಿದ್ರೆ ಮದ್ವೆ ದಿಬ್ಬಣ ಹೊರಟಿದೆ ಅನ್ಕೋತಾರೆ. ಡಬ್ಬ ಇಲ್ಲಾ ಅಂದ್ರೆ ಸಹಿ ಇಲ್ಲ.”

ನಯೇಲಿ ಚಿತ್ರದ ಮೇಲೆ ಬಗ್ಗಿದಳು. ಈ ಡಬ್ಬದ ಮಾತು ಅವಳಿಗೂ ಹೊಸದು. ಒಫೇಲಿಯಾ ಚೀಲದಿಂದ ಬಣ್ಣದ ಪೆಟ್ಟಿಗೆ ತೆಗೆದಳು. ಅಜ್ಜಿ ಕುರ್ಚಿಯನ್ನು ಅವಳ ಪಕ್ಕಕ್ಕೇ ಎಳೆದುಕೊಂಡು ಕಾವಲು ಕೂತಳು.

“ಇನ್ನೂ ದೊಡ್ಡದು. ಅಷ್ಟರ ಮೇಲೆ ಯಾರ್ ಕೂರ್ತಾರೆ? ಹಾಂ. ಈಗ ಕಂಬಳಿ. ನಮ್ಮಕ್ಕ ತೊಮಾಸಾ ಎರಡೂ ಕೈಲಿ ಹಿಡ್ಕೊಂಡು ಮರೆ ಮಾಡ್ತಿದ್ಲು. ಅವಳಿಗೆ ಯಾರು ಹಿಡೀತಿದ್ರೋ, ನಾನು ಕೇಳ್ಲೇ ಇಲ್ಲ.”

ತೊಮಾಸಾ ಕಂಬಳಿ ಹಿಡಿದು ಚಿತ್ರದಲ್ಲಿ ನಿಂತ ಮೇಲೆ ಅಜ್ಜಿ ಸಹಿ ಹಾಕಿದಳು. ಒಫೇಲಿಯಾ ಕೈ ಚಾಚಿದಳು.

“ತಡಿ. ಬಣ್ಣ ಹಸಿ ಇದೆ. ಕಾರು ಹತ್ತೋಷ್ಟರಲ್ಲಿ ನೀನು ನೀರು ಹಚ್ಚಿ ಡಬ್ಬ ಒರೆಸ್ಬಿಟ್ರೆ?”

ಸಹಿ ಹಾಕಿದ ಕಾಗದವನ್ನು ಮೊಣಕೈ ಕೆಳಗೆ ಒತ್ತಿ ಹಿಡಿದು, ಡಬ್ಬದ ಮೇಲೆ ಆಗಾಗ ಬೆರಳಿಟ್ಟು ನೋಡುತ್ತಾ ಕೂತವಳು, ಬಣ್ಣ ಪೂರ್ತಿ ಒಣಗಿದ ಮೇಲೆಯೇ ಕೊಟ್ಟಳು.